3, 4, 5 ತ್ರಿಭುಜವೇ ಅಲ್ಲ ಅಂದಿತು

ಸುಂಟಿಕೊಪ್ಪ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಹಾಜರಿ, ಗೊಬ್ಬರದ ಲೆಕ್ಕ, ಜಾಗದ ಅಳತೆ ಎಲ್ಲ ನನ್ನ ಪಾಲಿಗೆ. ಜುಲೈಯಲ್ಲಿ ಮಳೆ ಹಿಡಿದರೆ ಹೊರಗಿನ ಕೆಲಸ ಕಡಿಮೆ. ಕಳೆದ ಮಳೆಗಾಲದಲ್ಲಿ ಆ ಬಿಡುವಿನಲ್ಲೇ ಪೈಥಾನ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತೆ.

ಮೊದಲು ಬರೆದದ್ದು ತ್ರಿಭುಜದ ಪ್ರೋಗ್ರಾಮ್. ಮೂರು ಬಾಹು ಕೊಟ್ಟರೆ ಸಮಬಾಹುವೋ, ಸಮದ್ವಿಬಾಹುವೋ, ಅಸಮಬಾಹುವೋ ಹೇಳಬೇಕು. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಬಾಹುಗಳಿಗೆ ಅ, ಬ, ಕ ಅಂತ ಇಟ್ಟೆ. ತುಂಬ ಖುಷಿಯಾಯಿತು.

ಎರಡು ಬಾಹು ಕೂಡಿದರೆ ಮೂರನೆಯದಕ್ಕಿಂತ ಜಾಸ್ತಿ ಇರಬೇಕು, ಇಲ್ಲದಿದ್ದರೆ ತ್ರಿಭುಜವೇ ಆಗದು. ಆ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಹಾಕಿದೆ. 5, 5, 5 ಕೊಟ್ಟೆ. ಸಮಬಾಹು ಅಂದಿತು. ಸರಿ. 3, 4, 5 ಕೊಟ್ಟೆ. ತ್ರಿಭುಜ ಅಲ್ಲ ಅಂದಿತು!

ಸಂಜೆಯೆಲ್ಲ ಹುಡುಕಿದೆ. ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯುತ್ತಿತ್ತು. ಕೊನೆಗೆ ಅ + ಬ ಎಷ್ಟು ಅಂತ ಪ್ರಿಂಟ್ ಮಾಡಿಸಿ ನೋಡಿದೆ. 7 ಬರಬೇಕಾದಲ್ಲಿ 34 ಬಂತು. ಕೂಡಿಸಿರಲಿಲ್ಲ, ಪಕ್ಕಪಕ್ಕ ಅಂಟಿಸಿತ್ತು. ನಾವು ಟೈಪ್ ಮಾಡಿದ್ದನ್ನು ತೆಗೆದುಕೊಳ್ಳುವ ಇನ್‌ಪುಟ್‌ನಿಂದ ಬರುವುದು ಸಂಖ್ಯೆಯಲ್ಲ, ಅಕ್ಷರಗಳ ಸಾಲು. ಹೋಲಿಸುವಾಗಲೂ ನಿಘಂಟಿನ ಹಾಗೆ ಮೊದಲ ಅಕ್ಷರ ನೋಡುತ್ತದೆ. 5ಕ್ಕಿಂತ 3 ಮೊದಲು ಬರುತ್ತದೆ, ಹಾಗಾಗಿ 34 ಚಿಕ್ಕದು! 5, 5, 5ರಲ್ಲಿ 55 ಮತ್ತು 5 ಹೋಲಿಸಿದಾಗ ಉದ್ದದ್ದು ದೊಡ್ಡದಾಯಿತು, ಅದಕ್ಕೇ ಪಾಸಾಯಿತು. ಒಂದೇ ಉದಾಹರಣೆ ನೋಡಿ ಬಿಟ್ಟಿದ್ದರೆ ತಪ್ಪು ಒಳಗೇ ಉಳಿಯುತ್ತಿತ್ತು. ಅಕ್ಷರಗಳನ್ನು ಪೂರ್ಣ ಸಂಖ್ಯೆ ಮಾಡುವ ಇಂಟ್ (int) ಅನ್ನು ಇನ್‌ಪುಟ್‌ಗೆ ಸುತ್ತಿದ ಮೇಲೆ 7 ಬಂತು.

ಕ್ರಮವೂ ಮುಖ್ಯ. ಸಮದ್ವಿಬಾಹುವನ್ನು ಮೊದಲು ಕೇಳಿದರೆ 5, 5, 5 ಅಲ್ಲೇ ಸಿಕ್ಕಿಬೀಳುತ್ತದೆ, ಅದರಲ್ಲೂ ಎರಡು ಬಾಹು ಸಮ ಇವೆಯಲ್ಲ. ಅದಕ್ಕೆ ಸಮಬಾಹುವನ್ನು ಮೇಲೆ ಇಟ್ಟೆ.

ಅಳತೆಯನ್ನು ಸೆಂಟಿಮೀಟರಿನಲ್ಲಿ, ಪೂರ್ಣ ಸಂಖ್ಯೆಯಾಗಿ ಕೊಡುತ್ತೇನೆ. ದಶಮಾಂಶಗಳಲ್ಲಿ ಸಮ ಇದೆಯೇ ಅಂತ ಕೇಳುವುದು ನನಗೆ ಸರಿ ಕಾಣಲಿಲ್ಲ. 0.1 + 0.2 ಅನ್ನುವುದು 0.3ಕ್ಕೆ ಸಮವೇ ಅಂದರೆ ಪೈಥಾನ್ ಅಲ್ಲ ಅನ್ನುತ್ತದೆ.

ಆಗಸ್ಟಿನಲ್ಲಿ ಮಳೆ ಬಿಟ್ಟ ಒಂದು ದಿನ ರಸ್ತೆ ತಿರುವಿನ ಮೂರು ಮೂಲೆಯ ಪಟ್ಟಿ ಅಳೆದೆವು, ನಾನು ಮತ್ತು ಮೇಸ್ತ್ರಿ. 1840, 2515, 4520. ಪ್ರೋಗ್ರಾಮಿಗೆ ಹಾಕಿದೆ. ತ್ರಿಭುಜ ಅಲ್ಲ. ಈ ಸಲ ಪ್ರೋಗ್ರಾಮ್ ಸರಿ ಇತ್ತು. ಮೊದಲಿನ ಎರಡನ್ನು ಕೂಡಿದರೆ 4355 ಅಷ್ಟೇ.

"ರೈಟ್ರೇ, ಟೇಪು ಮುಗಿದ ಕಡೆ ಗೂಟ ಹಾಕಿದ್ವಾ?" ಅಂದರು ಮೇಸ್ತ್ರಿ.

ಹಾಕಿರಲಿಲ್ಲ. ನಮ್ಮದು 30 ಮೀಟರಿನ ಟೇಪು. ಉದ್ದದ ಬದಿಗೆ ಎರಡನೇ ಸಲ ಹಿಡಿಯುವಾಗ ಎರಡು ಗಿಡ ಹಿಂದಿನಿಂದ ಹಿಡಿದಿದ್ದೆವು. ಅಲ್ಲಿ ರೊಬಸ್ಟಾ ಗಿಡಗಳ ಅಂತರ 10 ಅಡಿ, ಎರಡಕ್ಕೆ ಸುಮಾರು 6 ಮೀಟರ್. ಗೂಟ ಹೊಡೆದು ಮತ್ತೆ ಅಳೆದಾಗ 3905 ಬಂತು. ಅಸಮಬಾಹು ಅಂದಿತು ಪ್ರೋಗ್ರಾಮ್. ಆಮೇಲೇ ಲೆಕ್ಕದ ಪುಸ್ತಕಕ್ಕೆ ಬರೆದೆ.