ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರಿಗೆ ಪೆಲ್ಟಿಯರ್ ಕೂಲರ್: ಹಾಸನ, ಚಿಕ್ಕಮಗಳೂರಿನ ಹವೆಗೆ ಯಾವುದು, ಎಷ್ಟು, ಹೇಗೆ

ಓವರ್‌ಕ್ಲಾಕ್ ಎಂದರೆ ಪ್ರೊಸೆಸರನ್ನು ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು; ಆಗ ಬಿಸಿಯೂ ಹೆಚ್ಚು. ಅದನ್ನು ತಣಿಸಲು ಬಳಸುವ ಪೆಲ್ಟಿಯರ್ ಮಾಡ್ಯೂಲ್ (ಕರೆಂಟು ಕೊಟ್ಟರೆ ಒಂದು ಮೈ ತಣ್ಣಗೆ, ಇನ್ನೊಂದು ಬಿಸಿಯಾಗುವ ಸೆರಾಮಿಕ್ ಬಿಲ್ಲೆ) ಶಾಖವನ್ನು ಇಲ್ಲವಾಗಿಸುವುದಿಲ್ಲ, ತಣ್ಣನೆಯ ಮೈಯಿಂದ ಬಿಸಿ ಮೈಗೆ ಸಾಗಿಸುತ್ತದೆ. ಸಾಗಿಸುವಾಗ ತಾನು ತಿಂದ ಕರೆಂಟನ್ನೂ ಶಾಖ ಮಾಡಿ ಅದೇ ಬಿಸಿ ಮೈಗೆ ಸುರಿಯುತ್ತದೆ. ಹಾಗಾಗಿ ಲೆಕ್ಕ ಶುರುವಾಗಬೇಕಾದ್ದು ಮಾಡ್ಯೂಲಿನಿಂದಲ್ಲ, ನೀರು ಹೊತ್ತು ತಂದ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರಿನಿಂದ.

ಮಾಡ್ಯೂಲಿನ ಮೇಲೆ ಟಿಇಸಿ1-12706 ಎಂದಿದ್ದರೆ ಒಳಗೆ 127 ಜೋಡಿ ಅರೆವಾಹಕ ಕಂಬಗಳು, ಗರಿಷ್ಠ 6 ಆಂಪಿಯರ್ ಎಂದರ್ಥ. 12715 ಆದರೆ 15 ಆಂಪಿಯರ್. ಎರಡೂ 40 ಮಿ.ಮೀ. ಚೌಕ. ಡೇಟಾಶೀಟ್‌ನಲ್ಲಿ ಎರಡು ದೊಡ್ಡ ಅಂಕಿಗಳಿರುತ್ತವೆ: 12715ಕ್ಕೆ ಸಾಗಿಸಬಲ್ಲ ಶಾಖ ಸುಮಾರು 135 ವ್ಯಾಟ್ ಮತ್ತು ಎರಡು ಮೈಗಳ ನಡುವೆ ಸುಮಾರು 67 ಡಿಗ್ರಿ ವ್ಯತ್ಯಾಸ. ಇವೆರಡೂ ಒಟ್ಟಿಗೆ ಸಿಗುವುದಿಲ್ಲ. ಪೂರ್ತಿ ವ್ಯಾಟ್ ಸಾಗಿಸುವಾಗ ವ್ಯತ್ಯಾಸ ಸೊನ್ನೆ. ಪೂರ್ತಿ ವ್ಯತ್ಯಾಸ ಬಂದಾಗ ಸಾಗುವ ಶಾಖ ಸೊನ್ನೆ. ನಡುವೆ ಹೆಚ್ಚುಕಡಿಮೆ ನೇರ ಗೆರೆ. ಎಷ್ಟೋ ಜನ ಎಡವುವುದು ಇಲ್ಲೇ.

100 ವ್ಯಾಟ್ ಬಿಸಿ ಉಗುಳುವ ಪ್ರೊಸೆಸರ್ ಇದೆ ಎನ್ನಿ. ಒಳ್ಳೆಯ 360 ಮಿ.ಮೀ. ರೇಡಿಯೇಟರಿಗೆ ವ್ಯಾಟಿಗೆ 0.07 ಡಿಗ್ರಿ ಏರಿಕೆ ಎಂದು ಹಿಡಿದರೆ, ಪೆಲ್ಟಿಯರ್ ಇಲ್ಲದೆಯೇ ನೀರು ಕೋಣೆಗಿಂತ 7 ಡಿಗ್ರಿ ಮಾತ್ರ ಮೇಲಿರುತ್ತದೆ. ಈಗ ನಡುವೆ ಒಂದು 12715 ಇಟ್ಟು 15 ವೋಲ್ಟ್, 15 ಆಂಪಿಯರ್ ಕೊಡಿ. 225 ವ್ಯಾಟ್ ಹೊಸದಾಗಿ ಸೇರಿ ರೇಡಿಯೇಟರಿಗೆ ಬೀಳುವುದು 325 ವ್ಯಾಟ್. ಬಿಸಿ ಮೈ ಸುಮಾರು 23 ಡಿಗ್ರಿ ಏರುತ್ತದೆ. 100 ವ್ಯಾಟ್ ಹೊತ್ತ ಮಾಡ್ಯೂಲ್ ಕೊಡುವ ವ್ಯತ್ಯಾಸ 17 ಡಿಗ್ರಿ. ತಣ್ಣನೆಯ ಮೈ ಎನಿಸಿಕೊಂಡದ್ದು ಕೋಣೆಗಿಂತ 6 ಡಿಗ್ರಿ ಬಿಸಿ! ಅಷ್ಟು ಕರೆಂಟು ಸುಟ್ಟು ಉಳಿಸಿದ್ದು ಒಂದೇ ಡಿಗ್ರಿ. 12706 ಹಾಕಿದರಂತೂ ಅದರ ಮಿತಿಯೇ 50 ವ್ಯಾಟ್ ಆಸುಪಾಸು, ಪ್ರೊಸೆಸರ್ ಬೆಂದೇ ಹೋಗುತ್ತದೆ.

ದಾರಿ ಒಂದೇ: ಹೆಚ್ಚು ಮಾಡ್ಯೂಲ್, ಕಡಿಮೆ ಕರೆಂಟ್. ನಾಲ್ಕು 12715 ಕೊಂಡು, ಎರಡೆರಡನ್ನು ಸೀರೀಸ್ ಮಾಡಿ, ಆ ಎರಡು ಜೋಡಿಗಳನ್ನು ಪ್ಯಾರಲಲ್ ಆಗಿ 12 ವೋಲ್ಟ್‌ಗೆ ಸೇರಿಸಿ. ಪ್ರತಿ ಮಾಡ್ಯೂಲಿಗೆ 6 ವೋಲ್ಟ್, ಸುಮಾರು 4 ಆಂಪಿಯರ್. ಒಟ್ಟು 8 ಆಂಪಿಯರ್, 100 ವ್ಯಾಟ್ ಒಳಗೆ. ಪ್ರತಿಯೊಂದೂ 25 ವ್ಯಾಟ್ ಹೊರುವಾಗ 19-20 ಡಿಗ್ರಿ ವ್ಯತ್ಯಾಸ ಕೊಡುತ್ತದೆ, ರೇಡಿಯೇಟರ್ ಏರುವುದು 14 ಡಿಗ್ರಿ. ನೀರು ಕೋಣೆಗಿಂತ ಸುಮಾರು 5-6 ಡಿಗ್ರಿ ಕೆಳಗಿಳಿಯುತ್ತದೆ. 200 ವ್ಯಾಟ್ ದಾಟುವ ಪ್ರೊಸೆಸರಿಗೆ ಇದೇ ಲೆಕ್ಕದಲ್ಲಿ ಎಂಟು ಮಾಡ್ಯೂಲ್, ಎರಡು ರೇಡಿಯೇಟರ್ ಬೇಕು. ಆ ದುಡ್ಡನ್ನು ಬರೀ ದೊಡ್ಡ ರೇಡಿಯೇಟರಿಗೆ ಹಾಕುವುದೇ ಮೇಲು.

ಮಾಡ್ಯೂಲನ್ನು ಪ್ರೊಸೆಸರ್ ಮೇಲೆ ನೇರ ಕೂರಿಸಬೇಡಿ. ನಾಲ್ಕನ್ನೂ ಒಳಗೆ ನೀರು ಹರಿಯುವ 40×160 ಮಿ.ಮೀ. ವಾಟರ್ ಬ್ಲಾಕ್‌ಗಳೆರಡರ ನಡುವೆ ಒತ್ತಿ, ಒಂದು ಬ್ಲಾಕಿನ ನೀರು ಪ್ರೊಸೆಸರಿಗೆ, ಇನ್ನೊಂದರದ್ದು ರೇಡಿಯೇಟರಿಗೆ ಹೋಗಲಿ. ಎರಡು ಪ್ರತ್ಯೇಕ ಪಂಪ್ ಬೇಕು. ಈ ಬ್ಲಾಕ್‌ಗಳು ಅಲ್ಯೂಮಿನಿಯಂ, ಪ್ರೊಸೆಸರ್ ಬ್ಲಾಕ್ ತಾಮ್ರ. ಬರೀ ನೀರಿಟ್ಟರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಡಿಸ್ಟಿಲ್ಡ್ ವಾಟರಿಗೆ ಕಾಲು ಭಾಗ ಕಾರಿನ ಕೂಲೆಂಟ್ ಬೆರೆಸಿ. ಬೋರ್‌ವೆಲ್ ನೀರು ಬೇಡವೇ ಬೇಡ.

ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದರೂ ಆನ್‌ಲೈನ್‌ನಲ್ಲಿ ತರಿಸಿದರೂ, ಬಂದದ್ದು 12715 ಹೌದೇ ಎಂದು ಮಲ್ಟಿಮೀಟರಿನಲ್ಲಿ ನೋಡಿ. 12706 ಸುಮಾರು 2 ಓಮ್ ತೋರಿಸುತ್ತದೆ, 12715 ಒಂದು ಓಮಿನ ಆಚೀಚೆ. ಮೀಟರ್ ವೈರಿನದೇ ಓಮ್ ಕಳೆಯಲು ಮರೆಯಬೇಡಿ. ಅಳೆಯುವಾಗ ಸೆರಾಮಿಕ್ ಮೇಲೆ ಬೆರಳಿಟ್ಟರೆ ಅಂಕಿ ಓಡತೊಡಗುತ್ತದೆ, ಕೆಲವೊಮ್ಮೆ ಮೈನಸ್‌ಗೂ ಇಳಿಯುತ್ತದೆ: ಬೆರಳಿನ ಬಿಸಿಗೆ ಮಾಡ್ಯೂಲೇ ವೋಲ್ಟೇಜ್ ಹುಟ್ಟಿಸುತ್ತದೆ. ಮೇಜಿನ ಮೇಲೆ ಐದು ನಿಮಿಷ ಬಿಟ್ಟು, ಪ್ರೋಬ್ ಅದಲುಬದಲು ಮಾಡಿ ಎರಡೂ ಸಲದ ಸರಾಸರಿ ಹಿಡಿಯಿರಿ. ವರ್ನಿಯರ್‌ನಲ್ಲಿ ದಪ್ಪವನ್ನೂ ಅಳೆಯಿರಿ. ನಾಲ್ಕರ ನಡುವೆ 0.03 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತೆಳ್ಳಗಿನದು ಬ್ಲಾಕಿಗೆ ತಾಗುವುದೇ ಇಲ್ಲ; ಅದರ ಬಿಸಿ ಹೋಗಲು ಜಾಗವಿಲ್ಲದೆ ಒಳಗಿನ ಬೆಸುಗೆ ಬಿಡುತ್ತದೆ. ತಣ್ಣನೆಯ ಮೈ ಯಾವುದೆಂದು ತಿಳಿಯಲು ಒಂದು ಪೆನ್‌ಸೆಲ್ ಸಾಕು. ಹೀಟ್‌ಸಿಂಕ್ ಇಲ್ಲದೆ 12 ವೋಲ್ಟ್ ಕೊಟ್ಟರೆ ಕೆಲವೇ ಸೆಕೆಂಡಿನಲ್ಲಿ ಮಾಡ್ಯೂಲ್ ಸುಡುತ್ತದೆ.

ಎರಡೂ ಮೈಗೆ ಥರ್ಮಲ್ ಪೇಸ್ಟ್ ತೆಳುವಾಗಿ ಸವರಿ, ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಕಾಲು ಸುತ್ತಿನಂತೆ ಬಿಗಿ ಮಾಡಿ. ಪಕ್ಕಕ್ಕೆ ಜಗ್ಗಿದರೆ ಒಳಗಿನ ಕಂಬಗಳು ಮುರಿಯುತ್ತವೆ.

ಕರೆಂಟಿಗೆ ಎಲ್‌ಇಡಿ ಬೋರ್ಡ್ ಮಾಡುವವರು ಬಳಸುವ 12 ವೋಲ್ಟ್, 15 ಆಂಪಿಯರ್ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು 12 ವೋಲ್ಟ್ ಡಿಸಿ ಮಾಡುವ ಪೆಟ್ಟಿಗೆ) ಬೇರೆಯೇ ಇರಲಿ, ವೈರು 1.5 ಚದರ ಮಿ.ಮೀ. ಅದರ 12 ವೋಲ್ಟ್ ಲೈನಿನಲ್ಲಿ ಕಾರಿನ ಹಾರ್ನ್ ರಿಲೇ (ಕಾಯಿಲಿಗೆ ಸಣ್ಣ ಕರೆಂಟು ಕೊಟ್ಟರೆ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿ. ಯಾವ ಆಟೋ ಸ್ಪೇರ್ಸ್ ಅಂಗಡಿಯಲ್ಲೂ ಸಿಗುತ್ತದೆ. ರಿಲೇ ಕಾಯಿಲಿಗೆ ಕಂಪ್ಯೂಟರಿನ ಮೋಲೆಕ್ಸ್‌ನ (ನಾಲ್ಕು ಪಿನ್ನಿನ ಪವರ್ ಕನೆಕ್ಟರ್) ಹಳದಿ ಮತ್ತು ಕಪ್ಪು ವೈರು, ಅಡ್ಡಲಾಗಿ 1ಎನ್4007 ಡಯೋಡ್ (ಬೆಳ್ಳಿ ಗೆರೆ ಹಳದಿ ವೈರಿನ ಕಡೆಗೆ). ಕಂಪ್ಯೂಟರ್ ಆಫ್ ಆದಾಗ ಪೆಲ್ಟಿಯರೂ ಆಫ್ ಆಗದಿದ್ದರೆ, ಬಿಸಿಯೇ ಇಲ್ಲದ ಬ್ಲಾಕ್ ತಣ್ಣಗಾಗುತ್ತಲೇ ಹೋಗುತ್ತದೆ. ಅದೇ ಕಾಯಿಲಿನ ವೈರಿಗೆ ಸೀರೀಸ್ ಆಗಿ ಸೇರಿಸಿ, 60 ಡಿಗ್ರಿಗೆ ತೆರೆದುಕೊಂಡು ಕರೆಂಟು ಕಡಿಯುವ ಕೆಎಸ್‌ಡಿ301 ಸ್ವಿಚ್ಚನ್ನು ಬಿಸಿ ಬ್ಲಾಕಿಗೆ ಅಂಟಿಸಿ. ಪಂಪ್ ನಿಂತರೆ ಅದೇ ಕಾಪಾಡುವುದು. ಹಳೆಯ 600 ವಿಎ ಯುಪಿಎಸ್ ಈ ಹೆಚ್ಚುವರಿ ಭಾರ ಹೊರಲಾರದು.

ಇನ್ನು ಹವೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಅರಸೀಕೆರೆ, ಕಡೂರಿನ ಬೇಸಿಗೆಯಲ್ಲಿ ಕೋಣೆ 32 ಡಿಗ್ರಿ, ತೇವಾಂಶ ಶೇ. 30 ಇದ್ದರೆ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟತೊಡಗುವ ತಾಪಮಾನ) ಸುಮಾರು 12 ಡಿಗ್ರಿ. 26 ಡಿಗ್ರಿಯ ನೀರಿನಿಂದ ಏನೂ ತೊಂದರೆಯಿಲ್ಲ. ಸಕಲೇಶಪುರ, ಮೂಡಿಗೆರೆಯ ಜುಲೈನಲ್ಲಿ ಕೋಣೆ 22 ಡಿಗ್ರಿ, ತೇವಾಂಶ ಶೇ. 90 ಇದ್ದರೆ ಇಬ್ಬನಿ ಬಿಂದು 20 ದಾಟುತ್ತದೆ. ಆಗ ನೀರು 17ಕ್ಕಿಳಿದರೆ ಪೈಪು, ಬ್ಲಾಕು ಎಲ್ಲ ಬೆವರಿ, ಹನಿ ಸಾಕೆಟ್ಟಿನೊಳಗೆ ಇಳಿಯುತ್ತದೆ. ಹಾಗಾಗಿ ಎಸ್‌ಎಂಪಿಎಸ್ ಮತ್ತು ಮಾಡ್ಯೂಲುಗಳ ನಡುವೆ ವೋಲ್ಟೇಜ್ ತಗ್ಗಿಸುವ 20 ಆಂಪಿಯರ್ ಬಕ್ ಕನ್ವರ್ಟರ್ ಇರಲೇಬೇಕು. ಮಳೆಗಾಲದಲ್ಲಿ ನೀರು ಇಬ್ಬನಿ ಬಿಂದುವಿಗಿಂತ 2 ಡಿಗ್ರಿ ಮೇಲೇ ನಿಲ್ಲುವಷ್ಟಕ್ಕೆ ವೋಲ್ಟೇಜ್ ಇಳಿಸಿ. ಪ್ರೊಸೆಸರ್ ಸುಮ್ಮನಿದ್ದಾಗ ನೀರು ಇನ್ನೂ ಇಳಿಯುತ್ತದೆ, ಆದ್ದರಿಂದ ಅಳತೆ ಆ ಹೊತ್ತಿನದಾಗಿರಲಿ. ಒಂದು ಜೋಡಿ ಆಫ್ ಮಾಡಿದರಾಯಿತು ಎನ್ನಬೇಡಿ: ಸುಮ್ಮನಿರುವ ಮಾಡ್ಯೂಲ್ ಬಿಸಿ ಕಡೆಯ ಶಾಖವನ್ನು ಹಿಂದಕ್ಕೆ ಸೋರಿಸುತ್ತದೆ, ಉಳಿದೆರಡರ ದುಡಿಮೆ ಅದಕ್ಕೇ ಹೋಗುತ್ತದೆ.

ತಣ್ಣೀರಿನ ಪೈಪು, ಬ್ಲಾಕುಗಳಿಗೆ ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ಫೋಮ್ ಹಾಕಿ, ಕೀಲುಗಳನ್ನು ಅಂಟಿನಿಂದ ಮುಚ್ಚಿ. ಗಾಳಿ ನುಸುಳಿದರೆ ಫೋಮಿನ ಒಳಗೇ ನೀರು ಕಟ್ಟುತ್ತದೆ, ಹೊರಗೆ ಕಾಣುವುದೂ ಇಲ್ಲ. ಅದಕ್ಕೇ ಮೊದಲ ಸಲ ಮದರ್‌ಬೋರ್ಡಿಗೆ ಜೋಡಿಸದೆ, ಕೀಲುಗಳ ಒಳಗೆ ಟಿಶ್ಯೂ ಚೂರು ಸಿಕ್ಕಿಸಿ, ಎರಡು ಗಂಟೆ ಓಡಿಸಿ ಬಿಚ್ಚಿ ನೋಡಿ. ಟಿಶ್ಯೂ ಒದ್ದೆಯಾಗಿದ್ದ ಕೀಲನ್ನು ಮತ್ತೆ ಸುತ್ತಿ, ಇನ್ನೊಮ್ಮೆ ಓಡಿಸಿ.