ಚೋಕ್ ಎಳೆದರಷ್ಟೇ ಓಡುವ ಬೈಕ್: ಕಾರ್ಬೊರೇಟರ್ ಕ್ಲೀನ್ ಮಾಡುವುದು ಹೀಗೆ

2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯ ತಗ್ಗಿಸುವ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕ್‌ಗಳಲ್ಲಿ ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಹೆಚ್ಚುಕಡಿಮೆ ಮಾಯವಾಯಿತು. ಆದರೆ ತೋಟಕ್ಕೆ, ಡೇರಿಗೆ, ಸಂತೆಗೆ ಓಡಾಡುವ ಹಳೆಯ ಸ್ಪ್ಲೆಂಡರ್, ಸಿಡಿ 100, ಪ್ಲಾಟಿನಾಗಳು ಇನ್ನೂ ಗಟ್ಟಿಯಾಗಿವೆ. ಮೂರು-ನಾಲ್ಕು ವಾರ ನಿಲ್ಲಿಸಿ ಮತ್ತೆ ತೆಗೆದರೆ ಮಾತ್ರ ಇವು ಹಟ ಮಾಡುತ್ತವೆ. ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಎಳೆದರೆ ಸ್ಟಾರ್ಟ್, ಬಿಟ್ಟರೆ ಆಫ್. ಗ್ಯಾರೇಜಿಗೆ ತಳ್ಳಿಕೊಂಡು ಹೋಗುವ ಮುಂಚೆ ಇದನ್ನು ಮನೆಯಂಗಳದಲ್ಲೇ ಸರಿಮಾಡಬಹುದು.

ಮೊದಲು ರೋಗ ಯಾವುದು ನೋಡಿ

ಕಾರ್ಬೊರೇಟರ್‌ನಲ್ಲಿ ಮುಖ್ಯವಾಗಿ ಎರಡು ಹಿತ್ತಾಳೆ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಸ್ಕ್ರೂ) ಇರುತ್ತವೆ. ಐಡ್ಲಿಂಗ್‌ಗೆ (ಗಾಡಿ ನಿಂತಿದ್ದು ಎಂಜಿನ್ ಮಾತ್ರ ಓಡುವಾಗ), ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಕೆಲಸ ಮಾಡುವುದು ಮೇನ್ ಜೆಟ್. ಐಡ್ಲಿಂಗ್‌ನಲ್ಲಿ ಎಂಜಿನ್ ಆಫ್ ಆಗುತ್ತದೆ, ಆದರೆ ಜೋರಾಗಿ ಓಡಿಸಿದರೆ ಚೆನ್ನಾಗಿದೆ ಅಂದರೆ ಪೈಲಟ್ ಜೆಟ್ ಕಟ್ಟಿಕೊಂಡಿದೆ. ನಿಧಾನಕ್ಕೆ ಸರಿ, ಏರಿನಲ್ಲಿ ಎಳೆಯುವುದಿಲ್ಲ ಅಂದರೆ ಮೇನ್ ಜೆಟ್ ನೋಡಬೇಕು. ನಿಲ್ಲಿಸಿಟ್ಟ ಗಾಡಿಯಲ್ಲಿ ಬಹುತೇಕ ಪೈಲಟ್ ಜೆಟ್ಟೇ ಕಳ್ಳ. ಅದರ ತೂತು ಅರ್ಧ ಮಿಲಿಮೀಟರ್‌ಗಿಂತಲೂ ಸಣ್ಣದು, ಒಣಗಿದ ಪೆಟ್ರೋಲಿನ ಅಂಟು ಅಲ್ಲೇ ಮೊದಲು ಕೂರುತ್ತದೆ.

ಕಪ್ಪು ಹೊಗೆ ಬರುತ್ತಿದ್ದರೆ ಕಾರ್ಬೊರೇಟರ್ ಮುಟ್ಟಬೇಡಿ, ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ. ಸ್ವಲ್ಪ ದೂರ ಓಡಿ ನಿಂತುಬಿಟ್ಟು, ಟ್ಯಾಂಕ್ ಮುಚ್ಚಳ ತೆಗೆದ ಕೂಡಲೇ ಸರಿಹೋದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ. ಸುಮ್ನೆ ಅರ್ಧ ದಿನ ಉಳಿಯುತ್ತದೆ ಅಲ್ವಾ?

ಬಿಚ್ಚದೇ ಒಂದು ಪ್ರಯತ್ನ

ಎಂಜಿನ್ ಪೂರ್ತಿ ತಣ್ಣಗಿರಲಿ. ಬಯಲಲ್ಲಿ ಕೂತುಕೊಳ್ಳಿ, ಹತ್ತಿರ ಬೀಡಿ, ದೀಪ ಏನೂ ಬೇಡ. ಪೆಟ್ರೋಲ್ ನಾಬ್ ಆಫ್ ಮಾಡಿ. ಕಾರ್ಬೊರೇಟರ್‌ನ ತಳದ ಬಟ್ಟಲಲ್ಲಿ ಒಂದು ಡ್ರೈನ್ ಸ್ಕ್ರೂ ಇದೆ. ಕೆಳಗೆ ಸ್ಟೀಲ್ ತಟ್ಟೆ ಹಿಡಿದು ಅದನ್ನು ಸಡಿಲಿಸಿ. ಇಳಿದ ಪೆಟ್ರೋಲಿನ ಅಡಿಯಲ್ಲಿ ಗುಂಡುಗುಂಡಾಗಿ ಓಡಾಡುವ ಹನಿ ಕಂಡರೆ ಅದು ನೀರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಜಾಸ್ತಿ. ಶೇ 20ರ ಮಿಶ್ರಣ ಬಂಕ್‌ಗಳಿಗೆ ಬರಲು ಶುರುವಾದದ್ದು 2023ರ ಫೆಬ್ರುವರಿಯಲ್ಲಿ, ಚಾಲನೆ ಕೊಟ್ಟದ್ದು ಬೆಂಗಳೂರಲ್ಲೇ. ಎಥನಾಲ್ ನೀರು ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಜೆಟ್‌ಗಳು ಪೆಟ್ರೋಲ್ ಎಳೆಯುವುದೂ ಆ ತಳದಿಂದಲೇ. ಮಳೆಗಾಲದಲ್ಲಿ ಎಷ್ಟೋ ಸಲ ಇದಿಷ್ಟನ್ನು ಇಳಿಸಿದರೆ ಗಾಡಿ ಸರಿಹೋಗುತ್ತದೆ. ಆಗದಿದ್ದರೆ ಬಿಚ್ಚಲೇಬೇಕು.

ಬಿಚ್ಚುವುದು

ಮೊದಲು ಮೊಬೈಲ್‌ನಲ್ಲಿ ಎರಡೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಪೆಟ್ರೋಲ್ ಪೈಪ್ ಕಿತ್ತು, ಮೇಲಿನ ಮುಚ್ಚಳ ಬಿಚ್ಚಿ, ಆಕ್ಸಿಲರೇಟರ್ ಕೇಬಲ್ ಸಮೇತ ಸ್ಲೈಡನ್ನು (ಗಾಳಿಯ ದಾರಿ ತೆರೆದು ಮುಚ್ಚುವ ಭಾಗ) ಮೇಲಕ್ಕೆ ಎಳೆಯಿರಿ. ಅದರ ತುದಿಯ ಉದ್ದ ಸೂಜಿ ಬಗ್ಗದಂತೆ ಪಕ್ಕಕ್ಕಿಡಿ. ಏರ್ ಫಿಲ್ಟರ್ ಕಡೆಯ ಕ್ಲಿಪ್ ಸಡಿಲಿಸಿ, ಎಂಜಿನ್ ಕಡೆಯ ಎರಡು ನಟ್ ಬಿಚ್ಚಿದರೆ ಕಾರ್ಬೊರೇಟರ್ ಕೈಗೆ ಬರುತ್ತದೆ. ಅಲ್ಲಿನ ರಬ್ಬರ್ ರಿಂಗ್ ಬಿರುಕು ಬಿಟ್ಟಿದೆಯಾ ನೋಡಿ. ಅಲ್ಲಿಂದ ಗಾಳಿ ಒಳನುಗ್ಗಿದರೂ ಇದೇ ಚೋಕ್ ರೋಗ ಬರುತ್ತದೆ.

ಬಟ್ಟಲಿನ ಸ್ಕ್ರೂಗಳು ಮೆತ್ತಗಿನವು, ಬೇಗ ತಲೆ ಕೆಡುತ್ತವೆ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಇಟ್ಟು, ಹಿಡಿಕೆಗೆ ಸುತ್ತಿಗೆಯಿಂದ ಮೆಲ್ಲಗೆ ಒಂದು ತಟ್ಟು ಕೊಟ್ಟು ತಿರುಗಿಸಿ. ಒಳಗೆ ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಇದೆ. ಅದರ ಪಿನ್ ಸರಿಸಿದರೆ ಫ್ಲೋಟ್ ಜೊತೆ, ಪೆಟ್ರೋಲ್ ಒಳಬರುವ ತೂತು ಮುಚ್ಚುವ ಪುಟ್ಟ ಮುಳ್ಳೂ ಈಚೆ ಬರುತ್ತದೆ, ಕಳೆದುಕೊಳ್ಳಬೇಡಿ. ಕಿವಿ ಹತ್ತಿರ ಹಿಡಿದು ಫ್ಲೋಟ್ ಅಲುಗಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ. ಮುಳ್ಳಿನ ತುದಿಯಲ್ಲಿ ಉಂಗುರದಂತೆ ಸವೆದ ಗೆರೆ ಇದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಪೆಟ್ರೋಲ್ ಓವರ್‌ಫ್ಲೋ ನಿಲ್ಲುವುದಿಲ್ಲ.

ಜೆಟ್‌ಗೆ ಪಿನ್ ಹಾಕಬೇಡಿ

ಕೆಲಸವೆಲ್ಲ ಇರುವುದು ಇಲ್ಲಿ. ಅಗಲ ಬಾಯಿಯ ಸ್ಕ್ರೂಡ್ರೈವರ್‌ನಿಂದ ಜೆಟ್‌ಗಳನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಆಚೆಯ ಬೆಳಕು ದುಂಡಗೆ, ಸ್ಪಷ್ಟವಾಗಿ ಕಾಣಬೇಕು. ಮಸುಕಾಗಿ ಕಂಡರೂ ಕಟ್ಟಿಕೊಂಡಿದೆ ಎಂದೇ ಅರ್ಥ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೂ ಬಿಡದಿದ್ದರೆ ಕರೆಂಟ್ ವೈರಿನ ತಾಮ್ರದ ಒಂದೇ ಒಂದು ಎಳೆ ತೂರಿಸಿ. ಗುಂಡುಪಿನ್ನು, ಹೊಲಿಗೆ ಸೂಜಿ ಹಾಕಿದರೆ ಹಿತ್ತಾಳೆಯ ತೂತು ಅಗಲವಾಗುತ್ತದೆ. ಆಮೇಲೆ ಮೈಲೇಜ್ ಕುಸಿಯುತ್ತದೆ, ಯಾವ ಟ್ಯೂನಿಂಗ್‌ನಿಂದಲೂ ವಾಪಸ್ ಬರುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಪೈಲಟ್ ಜೆಟ್ ಬಿಚ್ಚಲು ಬರುವುದಿಲ್ಲ, ಒತ್ತಿ ಕೂರಿಸಿರುತ್ತಾರೆ. ಅಲ್ಲಿ ಸ್ಪ್ರೇ ಮತ್ತು ಗಾಳಿಯೇ ಗತಿ.

ಪಕ್ಕದ ಏರ್ ಸ್ಕ್ರೂ (ಐಡ್ಲಿಂಗ್‌ನ ಗಾಳಿ ಹೊಂದಿಸುವ ಸ್ಕ್ರೂ) ತೆಗೆಯುವ ಮುನ್ನ ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ತಿರುಗಿದ ಮೇಲೆ ಕೂತಿತೆಂದು ಬರೆದಿಟ್ಟುಕೊಳ್ಳಿ. ಬಿಗಿಮಾಡಿದರೆ ತುದಿ ಹಾಳು. ಆಮೇಲೆ ಹೊರತೆಗೆದು ಆ ತೂತಿಗೂ ಸ್ಪ್ರೇ ಹೊಡೆಯಿರಿ. ಒಂದು ಕಡೆ ಹೊಡೆದದ್ದು ಇನ್ನೊಂದು ಕಡೆಯಿಂದ ಚಿಮ್ಮಬೇಕು, ಅದಕ್ಕೇ ಕಣ್ಣಿಗೆ ಕನ್ನಡಕ ಇರಲಿ. ಕೊನೆಗೆ ಪಂಕ್ಚರ್ ಅಂಗಡಿಗೆ ಒಯ್ದು ಪ್ರತಿ ತೂತಿಗೂ ಗಾಳಿ ಹೊಡೆಸಿ. ಬಾಯಲ್ಲಿ ಊದಿದರೆ ಪ್ರಯೋಜನವಿಲ್ಲ, ಪೆಟ್ರೋಲ್ ನಾಲಿಗೆಗೆ ಹತ್ತುತ್ತದೆ ಅಷ್ಟೇ. ಸ್ಪ್ರೇ ಹೊಡೆಯುವ ಮುಂಚೆ ರಬ್ಬರ್ ಭಾಗಗಳನ್ನೆಲ್ಲ ತೆಗೆದಿಡಿ. ಬಟ್ಟಲಿನ ರಬ್ಬರ್ ರಿಂಗ್ ಉಬ್ಬಿ ಕಾಲುವೆಯಲ್ಲಿ ಕೂರದಿದ್ದರೆ ಒಂದು ರಾತ್ರಿ ಒಣಗಲು ಬಿಡಿ ಅಥವಾ ಹೊಸದು ತನ್ನಿ.

ಜೋಡಿಸಿ, ಟ್ಯೂನ್ ಮಾಡಿ

ಬಿಚ್ಚಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಜೋಡಿಸಿ. ಹಿತ್ತಾಳೆ ಜೆಟ್‌ಗೆ ಜಾಸ್ತಿ ಬಲ ಬೇಡ. ಸ್ಲೈಡ್‌ನ ಪಕ್ಕದ ಸೀಳು ಕಾರ್ಬೊರೇಟರ್ ಒಳಗಿನ ಸಣ್ಣ ಮೊಳೆಗೆ ಸರಿಯಾಗಿ ಕೂರಬೇಕು. ಸ್ಟಾರ್ಟ್ ಮಾಡುವ ಮುನ್ನ ಆಕ್ಸಿಲರೇಟರ್ ತಿರುಗಿಸಿ ಬಿಡಿ, ‘ಟಕ್’ ಎಂದು ಕೆಳಗಿಳಿಯಬೇಕು. ಇಳಿಯದಿದ್ದರೆ ಕಿಕ್ ಹೊಡೆಯಲೇಬೇಡಿ. ಎಂಜಿನ್ ಒಮ್ಮೆಲೇ ಕೂಗಿ ಹಿಡಿತ ತಪ್ಪುತ್ತದೆ.

ನಾಬ್ ಆನ್ ಮಾಡಿ ಐದು ನಿಮಿಷ ಕಾಯಿರಿ, ಎಲ್ಲೂ ತೊಟ್ಟಿಕ್ಕಬಾರದು. ಏರ್ ಸ್ಕ್ರೂ ಬರೆದಿಟ್ಟ ಸುತ್ತಿನಲ್ಲೇ ಇರಲಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅದನ್ನು ಕಾಲು ಸುತ್ತು ಆಚೆ-ಈಚೆ ತಿರುಗಿಸಿ, ಶಬ್ದ ಅತಿ ಚುರುಕಾಗುವ ಜಾಗದಲ್ಲಿ ನಿಲ್ಲಿಸಿ. ಬಳಿಕ ಐಡ್ಲಿಂಗ್ ಸ್ಕ್ರೂನಿಂದ ವೇಗ ತಗ್ಗಿಸಿ.

ಇಷ್ಟೆಲ್ಲ ಮಾಡಿಯೂ ಕೆಲವೇ ದಿನಗಳಲ್ಲಿ ಬಟ್ಟಲಿನಲ್ಲಿ ಕೆಂಪು ಪುಡಿ ಕೂತರೆ ತಪ್ಪು ಕಾರ್ಬೊರೇಟರ್‌ನದ್ದಲ್ಲ, ಟ್ಯಾಂಕ್ ಒಳಗಿನ ತುಕ್ಕಿನದು. ಪೈಪ್‌ಗೆ ಒಂದು ಸಣ್ಣ ಪೆಟ್ರೋಲ್ ಫಿಲ್ಟರ್ ಹಾಕಿಸಿ. ಆಮೇಲೆ ಬಿಡುವು ನೋಡಿ ಟ್ಯಾಂಕ್ ತೊಳೆಸಿ.