ಇಪ್ಪತ್ತು ನಿಮಿಷ ತಾಳುವ ಟೈರ್

ಟೈರಿನ ಗೋಡೆಯ ಮೇಲೆ ಅಚ್ಚಾಗಿರುವ 200 ಎಂಬ ಅಂಕಿಯನ್ನು ನಂಬಿ ರೇಸ್ ಟ್ರ್ಯಾಕಿನ ಓಟಕ್ಕೆ ಟೈರ್ ಕೊಳ್ಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅಮೆರಿಕದಲ್ಲಿ ಮಾರಾಟವಾಗುವ ಬಹುತೇಕ ಕಾರ್ ಟೈರುಗಳ ಮೇಲೆ ಟ್ರೆಡ್‌ವೇರ್ ಎಂಬ ಸವೆತದ ಅಂಕಿ ಇರುತ್ತದೆ; ಅಂಕಿ ಹೆಚ್ಚಿದಷ್ಟೂ ಸವೆತ ನಿಧಾನ ಎಂದು ಅರ್ಥ. ಟೆಕ್ಸಾಸ್‌ನ ರಸ್ತೆಗಳಲ್ಲಿ 400 ಮೈಲಿಯ ಸುತ್ತನ್ನು ಮತ್ತೆ ಮತ್ತೆ ಹೊಡೆದು, ಒಟ್ಟು 7,200 ಮೈಲಿ ಓಡಿಸಿ, 100 ಎಂದು ಗೊತ್ತುಮಾಡಿದ ಮಾದರಿ ಟೈರಿನ ಸವೆತದ ಜೊತೆ ಹೋಲಿಸಿ ಆ ಅಂಕಿಯನ್ನು ತೀರ್ಮಾನಿಸುತ್ತಾರೆ. ತೀರ್ಮಾನಿಸುವವರು ಸರ್ಕಾರದವರಲ್ಲ, ಟೈರ್ ತಯಾರಿಸಿದವರೇ. ಇತ್ತ ಹವ್ಯಾಸಿ ಕಾರ್ ಸ್ಪರ್ಧೆಗಳ ಹಲವು ವಿಭಾಗಗಳಲ್ಲಿ ಈ ಅಂಕಿ ಕನಿಷ್ಠ 200 ಇರಲೇಬೇಕೆಂಬ ನಿಯಮವಿದೆ. ಹೀಗಾಗಿ ಒಂದೇ ಬೇಸಿಗೆಗೆ ನುಣ್ಣಗಾಗುವ ಟೈರಿನ ಮೇಲೂ 200, ಎರಡು ಬೇಸಿಗೆ ದುಡಿಯುವ ಟೈರಿನ ಮೇಲೂ 200. ಆರಿಸಿಕೊಳ್ಳಲು ಬೇರೆ ಅಳತೆಗೋಲು ಬೇಕು.

ನನ್ನ ಕಾರು ಟೊಯೊಟಾ ಜಿಆರ್86. ಹಿಂಚಕ್ರ ಚಾಲನೆ, 228 ಅಶ್ವಶಕ್ತಿ, ತೂಕ 1,300 ಕಿಲೋಗಿಂತ ಸ್ವಲ್ಪ ಕಡಿಮೆ. ಮನೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ. ಸೊನೋಮಾ ಟ್ರ್ಯಾಕ್ ಹತ್ತಿರ, ಲಗೂನಾ ಸೆಕಾ ಟ್ರ್ಯಾಕ್ ಅಷ್ಟೇನೂ ದೂರವಲ್ಲ. ಆದರೆ ನಾನು ಹೆಚ್ಚಾಗಿ ಹೋಗುವುದು ಉತ್ತರದ ವಿಲೋಸ್ ಊರಿನ ಥಂಡರ್‌ಹಿಲ್ ಟ್ರ್ಯಾಕಿಗೆ. ಕಾರನ್ನು ಹೇರಿಕೊಂಡು ಹೋಗಲು ಟ್ರೇಲರ್ ಇಲ್ಲ, ಅದನ್ನು ನಿಲ್ಲಿಸಲು ಜಾಗವೂ ಇಲ್ಲ. ಟ್ರ್ಯಾಕಿನಲ್ಲಿ ಓಡುವ ಟೈರೇ ಮನೆಯಿಂದ ಅಲ್ಲಿಗೆ ಒಯ್ಯಬೇಕು, ಸಂಜೆ ವಾಪಸು ತರಬೇಕು, ಸೋಮವಾರ ಕಚೇರಿಗೂ ಬರಬೇಕು. ಟೈರಿನ ಮೇಲೆ ಡಾಟ್ ಮುದ್ರೆ, ಅಂದರೆ ಸಾರ್ವಜನಿಕ ರಸ್ತೆಗೆ ತಕ್ಕದ್ದೆಂಬ ಗುರುತು, ಇರಬೇಕೆನ್ನುವುದು ನನಗೆ ಬರೀ ಕಾನೂನಿನ ಮಾತಲ್ಲ.

ಶುರುವಿನಲ್ಲಿ ಕಾರಿನ ಜೊತೆಗೇ ಬಂದ ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಟೈರುಗಳಲ್ಲೇ ಓಡಿಸಿದೆ. ಬೇಕೆಂದೇ ಓಡಿಸಿದೆ. ಇಂಥ ಟೈರು ಹಿಡಿತ ಬಿಡುವ ಮೊದಲು ಕಿರುಗುಟ್ಟುತ್ತದೆ, ಆಮೇಲೆ ನಿಧಾನವಾಗಿ ಜಾರುತ್ತದೆ. ಚಾಲಕನಿಗೆ ಕೈ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಅಂಟು ಜಾಸ್ತಿಯಿರುವ ಟೈರು ತಡವಾಗಿ ಬಿಡುತ್ತದೆ, ಬಿಡುವ ಹೊತ್ತಿಗೆ ವೇಗ ಹೆಚ್ಚಿರುತ್ತದೆ, ಮುನ್ಸೂಚನೆ ಕಡಿಮೆ. ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ಟ್ರ್ಯಾಕ್ ಡೇಗೆ ಮೊದಲ ಸಲವೇ ದುಬಾರಿ ಟೈರು ಹಾಕಿಸಿಕೊಂಡು ಬರುವವರನ್ನು ಕಂಡಾಗಲೆಲ್ಲ ಆ ಹಣದಲ್ಲಿ ಒಳ್ಳೆಯ ಬ್ರೇಕ್ ಆಯಿಲ್ ಹಾಕಿಸಿ, ಉಳಿದದ್ದನ್ನು ತರಬೇತುದಾರನಿಗೆ ಕೊಡಬಾರದಿತ್ತೇ ಅನಿಸುತ್ತದೆ. ಹೇಳುವುದಿಲ್ಲ. ಕೇಳದ ಬುದ್ಧಿಮಾತು ಟ್ರ್ಯಾಕಿನಲ್ಲಿ ಈಗಾಗಲೇ ಬೇಕಾದಷ್ಟಿದೆ.

ಆ ಟೈರುಗಳನ್ನು ಬದಲಿಸುವಂತೆ ಮಾಡಿದ್ದು ಬಿಸಿ. ಥಂಡರ್‌ಹಿಲ್ ಇರುವುದು ಸ್ಯಾಕ್ರಮೆಂಟೊ ಕಣಿವೆಯಲ್ಲಿ; ಜುಲೈನಲ್ಲಿ ಅಲ್ಲಿ ಉಷ್ಣಾಂಶ 40 ಡಿಗ್ರಿ ತಲುಪುವುದು ಹೊಸತೇನಲ್ಲ. ಮೂರು ಮೈಲಿಯ ಆ ಟ್ರ್ಯಾಕ್ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ದೊಡ್ಡ ತಿರುವುಗಳೆಲ್ಲ ಎಡಕ್ಕೆ. ಅದರಲ್ಲೂ ಎರಡನೆಯದು ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ. ಅಷ್ಟು ಹೊತ್ತೂ ಕಾರಿನ ಭಾರವೆಲ್ಲ ಬಲಗಡೆಯ ಮುಂದಿನ ಟೈರಿನ ಹೊರ ಅಂಚಿನ ಮೇಲೆ. ನಾಲ್ಕೈದು ಲ್ಯಾಪ್ ಆಗುವಷ್ಟರಲ್ಲಿ ಸ್ಟೀರಿಂಗ್ ತಿರುಗಿಸಿದ್ದಕ್ಕೂ ಮೂತಿ ತಿರುಗುವುದಕ್ಕೂ ನಡುವೆ ಒಂದು ಸೋಮಾರಿತನ ಹುಟ್ಟಿಕೊಳ್ಳುತ್ತಿತ್ತು.

ಟ್ರ್ಯಾಕಿನ ಬದಿಯಲ್ಲಿ ಕಾರು ನಿಲ್ಲಿಸುವ ಪಿಟ್‌ಗೆ ಬಂದ ಕೂಡಲೇ ಮೊಣಕಾಲೂರಿ ಆ ಟೈರನ್ನು ನೋಡಿದರೆ ಕಥೆ ಪೂರ್ತಿ ಬರೆದಿತ್ತು. ಹೊರ ಅಂಚಿನ ರಬ್ಬರು, ಮಕ್ಕಳು ಪೆನ್ಸಿಲ್ ಬರಹ ಅಳಿಸಿದಾಗ ಉದುರುವ ಪುಡಿಯಂತೆ ಸಣ್ಣ ಸಣ್ಣ ಸುರುಳಿಯಾಗಿ ಎದ್ದಿತ್ತು. ಪಕ್ಕದ ಗೋಡೆಯಲ್ಲಿ ಸವೆತದ ಗೆರೆ ಎಲ್ಲಿವರೆಗೆ ಬರಬಹುದೆಂದು ತೋರಿಸುವ ಪುಟ್ಟ ತ್ರಿಕೋನವೊಂದಿರುತ್ತದೆ. ಗೆರೆ ಅದನ್ನು ದಾಟಿ ಕೆಳಗಿಳಿದಿತ್ತು. ಸೂಜಿಯಂಥ ಮೊನೆಯ ಉಷ್ಣಮಾಪಕವನ್ನು ಒಳಗೆ, ನಡುವೆ, ಹೊರಗೆ ಚುಚ್ಚಿ ನೋಡಿದಾಗ ಹೊರ ಅಂಚು ಒಳಗಿನದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಬಿಸಿ. ಒಳ ಅಂಚಂತೂ ಏನೂ ಕೆಲಸ ಮಾಡದೆ ಹೊಸದರಂತೆಯೇ ಕುಳಿತಿತ್ತು.

ಇದರಲ್ಲಿ ಟೈರಿನ ದೋಷ ಅರ್ಧ ಮಾತ್ರ. ಈ ಕಾರಿನ ಮುಂಚಕ್ರಗಳು ಕಾರ್ಖಾನೆಯಿಂದ ಬರುವಾಗ ಹೆಚ್ಚುಕಡಿಮೆ ನೆಟ್ಟಗಿರುತ್ತವೆ. ತಿರುವಿನಲ್ಲಿ ಕಾರು ವಾಲಿದಾಗ ಟೈರು ತನ್ನ ಅಂಚಿನ ಮೇಲೆ ನಿಲ್ಲುತ್ತದೆ. ಆದ್ದರಿಂದ ಹೊಸ ಟೈರಿಗಿಂತ ಮೊದಲು ಚಕ್ರದ ಓರೆಯನ್ನು ಹೊಂದಿಸುವ ಕ್ಯಾಂಬರ್ ಪ್ಲೇಟ್ ಹಾಕಿಸಿ, ಮುಂಚಕ್ರಗಳ ತಲೆಯನ್ನು ಎರಡೂವರೆ ಡಿಗ್ರಿಯಷ್ಟು ಒಳಕ್ಕೆ ಬಾಗಿಸಿದೆ. ಹೆದ್ದಾರಿಯಲ್ಲಿ ಒಳ ಅಂಚು ಸ್ವಲ್ಪ ಬೇಗ ಸವೆಯುತ್ತದೆ ನಿಜ. ಆದರೆ ಇದನ್ನು ಮಾಡದೆ ಎಂಥ ಟೈರು ತಂದರೂ ಪೂರ್ತಿ ದುಡ್ಡು ಕೊಟ್ಟು ಅದರ ಅಗಲದ ಮೂರನೇ ಒಂದು ಭಾಗವನ್ನಷ್ಟೇ ಬಳಸಿದಂತೆ.

ಆಮೇಲೆ ಟೈರಿನ ಸರದಿ. ನನ್ನ ಪಟ್ಟಿಯಲ್ಲಿ ಉಳಿದದ್ದು ಮೂರು: ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್, ಯೊಕೊಹಾಮಾ ಅಡ್ವಾನ್ ಎ052, ಹ್ಯಾನ್‌ಕುಕ್ ವೆಂಟಸ್ ಆರ್‌ಎಸ್4. ಮೂರರ ಮೇಲೂ ಅದೇ 200. ಮೊದಲ ಎರಡು ಬೇಗ ಬಿಸಿಯಾಗಿ ಬೇಗ ಹಿಡಿತ ಕೊಡುವ ಜಾತಿಯವು. ಬಯಲಿನಲ್ಲಿ ಶಂಕುಗಳನ್ನಿಟ್ಟು ಒಂದು ನಿಮಿಷದಲ್ಲಿ ಓಟ ಮುಗಿಸುವ ಆಟೊಕ್ರಾಸ್‌ನಲ್ಲಿ ಅವುಗಳಿಗೆ ಬಹಳ ಬೇಡಿಕೆ. ಅಲ್ಲೂ ಒಂದು ಓಟಕ್ಕೂ ಮುಂದಿನದಕ್ಕೂ ನಡುವೆ ಅವುಗಳ ಮೇಲೆ ನೀರು ಸಿಂಪಡಿಸಿ ತಣಿಸುತ್ತಾರೆ. ನೀರು ಹಾಕಿ ತಣಿಸಬೇಕಾದ ಟೈರನ್ನು ಜುಲೈನ ಥಂಡರ್‌ಹಿಲ್‌ನಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿಸಿದರೆ ಏನಾದೀತು? ಗೆಳೆಯನೊಬ್ಬನ ಕಾರಿನಲ್ಲಿ ಅಂಥ ಟೈರಿನ ಮೇಲೆ ಕೂತು ನೋಡಿದ್ದೇನೆ: ಎರಡನೇ ಲ್ಯಾಪ್ ಅದ್ಭುತ, ಮೂರನೆಯದು ಅದಕ್ಕೆ ಸಮ, ಆಮೇಲಿನವೆಲ್ಲ ಇಳಿಜಾರು.

ನಾನು ಆರ್‌ಎಸ್4 ಆರಿಸಿಕೊಂಡೆ. ಅದು ಬಿಸಿಯಾಗಲು ತಡಮಾಡುತ್ತದೆ; ಮೊದಲ ಲ್ಯಾಪಿನಲ್ಲಿ ಕಟ್ಟಿಗೆಯಷ್ಟು ಒರಟು. ಹೆದ್ದಾರಿಯಲ್ಲಿ ಸದ್ದೂ ಹೆಚ್ಚು, ಪಕ್ಕದಲ್ಲಿ ಕೂತವರೊಡನೆ ಮಾತಾಡಲು ದನಿ ಎತ್ತರಿಸಬೇಕು. ಉಳಿದೆರಡರ ಮುಂದೆ ಲ್ಯಾಪಿಗೆ ಒಂದೆರಡು ಸೆಕೆಂಡ್ ನಿಧಾನವೂ ಹೌದು. ಆದರೆ ಮೂರನೇ ಲ್ಯಾಪಿನಲ್ಲಿ ಹೇಗಿತ್ತೋ ಎಂಟನೆಯದರಲ್ಲೂ ಹಾಗೇ ಇರುತ್ತದೆ. ಬ್ರೇಕ್ ಒತ್ತುವ ಜಾಗವನ್ನು ಒಂದು ಕಾರಿನ ಉದ್ದದಷ್ಟು ಮುಂದೂಡಿ ನೋಡಿದಾಗ ಕಂಡ ವ್ಯತ್ಯಾಸ ನನ್ನದೋ ಟೈರಿನದೋ ಎಂಬ ಅನುಮಾನ ಉಳಿಯುವುದಿಲ್ಲ. ಬಹುಮಾನಕ್ಕಲ್ಲದೆ ಕಲಿಯುವುದಕ್ಕೆ ಹೋಗುವವನಿಗೆ ಆ ಎರಡು ಸೆಕೆಂಡಿಗಿಂತ ಇದು ದೊಡ್ಡದು.

ಅಳತೆ 225/45 ಆರ್17, ಎಂಟು ಇಂಚು ಅಗಲದ ಚಕ್ರದ ಮೇಲೆ. ಕಾರಿನ ಜೊತೆ ಬಂದದ್ದು 18 ಇಂಚಿನ ಚಕ್ರ. ಒಂದು ಇಂಚು ಇಳಿಸಿದರೆ ಟೈರಿನ ಬೆಲೆಯೂ ಇಳಿಯುತ್ತದೆ, ಗೋಡೆ ಸ್ವಲ್ಪ ಎತ್ತರವಾಗಿ ಟ್ರ್ಯಾಕಿನ ಅಂಚಿನ ಉಬ್ಬುಗಳ ಮೇಲೆ ಹತ್ತಿಳಿಯುವಾಗ ಪೆಟ್ಟೂ ಕಡಿಮೆ. 245 ಮಿಲಿಮೀಟರ್ ಅಗಲದ್ದು ಹಾಕುವವರಿದ್ದಾರೆ, ಆದರೆ ಇಷ್ಟು ಹಗುರವಾದ ಕಾರಿಗೆ, ತಡವಾಗಿ ಬಿಸಿಯಾಗುವ ಈ ಟೈರಿನಲ್ಲಿ, ಅಷ್ಟಗಲ ನನಗೆ ಬೇಕೆನಿಸಲಿಲ್ಲ.

ಗಾಳಿಯ ಲೆಕ್ಕ ಟೈರಿನ ಆಯ್ಕೆಯಷ್ಟೇ ಮುಖ್ಯ. ಬೆಳಿಗ್ಗೆ ತಣ್ಣಗಿರುವಾಗ 28 ಪಿಎಸ್‌ಐ ಇಟ್ಟು ಹೊರಡುತ್ತೇನೆ. ಹತ್ತು ನಿಮಿಷ ಓಡಿಸಿ ಬಂದರೆ 35ರ ಆಸುಪಾಸಿನಲ್ಲಿರುತ್ತದೆ. ಅದನ್ನು ಅಳೆಯಬೇಕಾದದ್ದು ಕಾರು ನಿಂತ ಮರುಗಳಿಗೆ. ನೀರು ಕುಡಿದು, ಹರಟೆ ಹೊಡೆದು ಬರುವಷ್ಟರಲ್ಲಿ ಅಂಕಿ ಸುಳ್ಳಾಗಿರುತ್ತದೆ. ಹವೆ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುವುದರಿಂದ, ಬೆಳಗಿನ ಲೆಕ್ಕ ಮಧ್ಯಾಹ್ನಕ್ಕೆ ನಡೆಯುವುದಿಲ್ಲ. ನಾಲ್ಕೂ ಚಕ್ರಗಳ ಅಂಕಿಯನ್ನು ಪ್ರತಿ ಸಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಸಂಜೆ ಮನೆಗೆ ಹೊರಡುವ ಮುನ್ನ, ಟೈರು ಆರಿದ ಮೇಲೆ, ಬಾಗಿಲ ಅಂಚಿನ ಚೀಟಿಯಲ್ಲಿರುವಷ್ಟು ಗಾಳಿ ಮತ್ತೆ ತುಂಬುವುದು ಕಡ್ಡಾಯ. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಪಂಪ್ ಒಂದು ಸದಾ ಡಿಕ್ಕಿಯಲ್ಲಿರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಈ ಟೈರಿಗೆ ಕಷ್ಟವೂ ಆಗಲೇ. ಟೈರಿನ ಗೋಡೆಯ ಮೇಲೆ ಟ್ರ್ಯಾಕ್ಷನ್ ಎಂದು ಎ ಅಥವಾ ಎಎ ಅಚ್ಚಾಗಿರುವುದನ್ನು ನೋಡಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅದು ಒದ್ದೆ ನೆಲದ ಮೇಲೆ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತದ ಅಳತೆ. ತಿರುವಿನ ಬಗ್ಗೆ, ನಿಂತ ನೀರಿನ ಮೇಲೆ ತೇಲುವುದರ ಬಗ್ಗೆ ಅದು ಏನೂ ಹೇಳುವುದಿಲ್ಲ. ಕಾನೂನು ಇಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ ಆಳದ ಗೀರನ್ನೂ ಒಪ್ಪುತ್ತದೆ. ನಾನು ಒಪ್ಪುವುದಿಲ್ಲ. ಮೂರು ಮಿಲಿಮೀಟರಿಗೆ ಇಳಿದ ಜೊತೆ ನವೆಂಬರಿನಿಂದ ಗ್ಯಾರೇಜಿನಲ್ಲಿ ಕೂರುತ್ತದೆ, ಹಳೆಯ 18 ಇಂಚಿನವು ಮತ್ತೆ ಕಾರೇರುತ್ತವೆ. ಹಿಮ ಬೀಳುವ ಟಾಹೋ ಕಡೆಗಂತೂ ಎರಡನ್ನೂ ಒಯ್ಯುವುದಿಲ್ಲ.

ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಓಡಿಸಿಕೊಂಡು ಹೋಗುವವರಿಗೂ ಸಮಸ್ಯೆ ಇದೇ: ಸುಡುವ ಡಾಂಬರು, ದೀರ್ಘ ಹೆದ್ದಾರಿ, ಯಾವಾಗ ಬೇಕಾದರೂ ಮಳೆ. 2020ರ ಜೂನ್‌ನಿಂದ ಭಾರತಕ್ಕೆ ಕಾರ್ ಟೈರಿನ ಆಮದು ಪರವಾನಗಿಯ ಅಡಿಗೆ ಬಂದಿರುವುದರಿಂದ ಅಲ್ಲಿ ಆಯ್ಕೆ ಇಷ್ಟು ವಿಶಾಲವಲ್ಲ. ಸಿಗುವುದರಲ್ಲೇ ಒಳ್ಳೆಯ ಬೇಸಿಗೆ ಟೈರು ಹಾಕಿ, ಎರಡು ಲ್ಯಾಪ್ ಜೋರು, ಒಂದು ಲ್ಯಾಪ್ ನಿಧಾನ ಎಂದು ಓಡಿಸಿದರೆ ಟೈರು ಬಾಳುತ್ತದೆ.

ಹೊಸ ಜೊತೆ ಕೈಗೆ ಬಂದಾಗ ಮೊದಲು ನೋಡುವುದು ಡಾಟ್ ಸಾಲಿನ ಕೊನೆಯ ನಾಲ್ಕು ಅಂಕಿ. 2323 ಎಂದಿದ್ದರೆ 2023ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಒಮ್ಮೆ ರಿಯಾಯಿತಿಯಲ್ಲಿ ಬಂದ ನಾಲ್ಕರಲ್ಲಿ ಎರಡು ಟೈರುಗಳು ಮೂರು ವರ್ಷ ಹಳೆಯವಾಗಿದ್ದವು. ಚಕ್ರಕ್ಕೆ ಏರಿಸುವ ಮೊದಲೇ ನೋಡಿದ್ದರಿಂದ ಅಂಗಡಿಯವನು ಗೊಣಗಿಕೊಂಡಾದರೂ ವಾಪಸು ತೆಗೆದುಕೊಂಡ. ಏರಿಸಿದ ಮೇಲೆ ಮೊದಲ ಇಪ್ಪತ್ತು ನಿಮಿಷ ಮೆಲ್ಲಗೆ ಬಿಸಿಮಾಡಿ, ಆ ದಿನ ಅಷ್ಟಕ್ಕೇ ಬಿಟ್ಟು, ಮರುದಿನದಿಂದ ದುಡಿಸುತ್ತೇನೆ. ನಾಲ್ಕೂ ಒಂದೇ ಅಳತೆಯವಾದ್ದರಿಂದ ಮುಂದಿನವು ಅರ್ಧ ಸವೆದಾಗ ಅದೇ ಬದಿಯಲ್ಲಿ ಹಿಂದಕ್ಕೆ ಹೋಗುತ್ತವೆ. ಆದರೂ ಎಲ್ಲಕ್ಕಿಂತ ಮೊದಲು ಮುಗಿಯುವುದು ಬಲಗಡೆಯ ಮುಂದೆ ದುಡಿದದ್ದೇ.